ಕಲಿಯಲು ಬಂದವಳು

ಎಂಟು ವರ್ಷ ಅಕ್ಕ ಅತ್ತೆಯ ಹೇಲುಚ್ಚೆ ಬಳಿದಳು. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿದಳು, ಬೆನ್ನೊರೆಸಿ ಪೌಡರ್ ಹಾಕಿದಳು, ಚಮಚದಲ್ಲಿ ಹಾಲು ಕುಡಿಸಿದಳು. ಮುದುಕಿ ಸತ್ತಾಗ ಮೈಮೇಲೆ ಒಂದೇ ಒಂದು ಹುಣ್ಣಿರಲಿಲ್ಲ. ಮೈದುನರು ಮನೆ ಹಂಚಿಕೊಂಡು ವಿಧವೆ ಅತ್ತಿಗೆಗೂ ಅವಳ ಮಗಳಿಗೂ ಬಾಗಿಲು ತೋರಿಸಿದರು.

ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು, ಹೊರದೇಶಕ್ಕೆ ಜನ ಕಳಿಸುವ ಏಜೆಂಟನ ಮುಂದೆ ಹೋಗಿ ಕೂತಳು.

"ಅನುಭವ ಇದೆಯೇನಮ್ಮ?"

"ಅಯ್ಯೋ, ಬೇಕಾದಷ್ಟು ಅನುಭವಿಸಿದ್ದೀನಿ ಸ್ವಾಮಿ."

ಏಜೆಂಟ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅದಲ್ಲಮ್ಮ. ಇಷ್ಟು ದಿನ ಎಲ್ಲಿ ಕೆಲಸ ಮಾಡ್ತಿದ್ರಿ?"

"ಕೆಲಸ ಎಲ್ಲಿಂದ ಬಂತು? ಮನೇಲೇ ಇದ್ದೆ, ಸುಮ್ನೆ."

ಎಂಟು ವರ್ಷವನ್ನು ತನ್ನ ಬಾಯಿಂದಲೇ ಹೊಡೆದುಹಾಕಿದಳು. ಈ ಬುದ್ಧಿ ನಮ್ಮ ಹೆಂಗಸರಿಗೆ ಯಾರು ಕಲಿಸಿದರೋ! ಏಜೆಂಟ್ ಬರೆದುಕೊಂಡ: ಕಲಿಯುವವಳು.

ಹೋದದ್ದು ಮುದುಕರನ್ನು ನೋಡಿಕೊಳ್ಳುವ ಆಶ್ರಮಕ್ಕೆ. ನಲವತ್ತು ಮಂಚ, ಫಿನಾಯಿಲ್ ವಾಸನೆ. ಕೆಲಸದವರಿಗೆ ಬಿಳಿ ಕೋಟು, ಕಲಿಯುವವರಿಗೆ ಹಸಿರು. ಹಸಿರಿನವರಿಗೆ ಊಟ ಮತ್ತು ಹಾಸಿಗೆ ಮಾತ್ರ. ಎರಡು ವರ್ಷ ಕಳೆದರೆ ಬಿಳಿ ಕೋಟು, ಸಂಬಳ, ಮಗಳನ್ನು ಕರೆಸಿಕೊಳ್ಳುವ ಪರವಾನಗಿ ಎಂದಿದ್ದರು. ಅದೊಂದೇ ಆಸೆಗೆ ಅಕ್ಕ ಹಲ್ಲುಕಚ್ಚಿ ನಿಂತಳು.

ಮೂರನೇ ದಿನ ಬಿಳಿ ಕೋಟಿನವಳೊಬ್ಬಳು ಮುದುಕನೊಬ್ಬನನ್ನು ರಟ್ಟೆ ಹಿಡಿದು ಎಳೆಯುತ್ತಿದ್ದಳು. "ತಡಿಯೇ ತಾಯಿ, ಚರ್ಮ ಕಿತ್ತು ಬರುತ್ತೆ!" ಎಂದು ಅಕ್ಕ ತನ್ನ ಭಾಷೆಯಲ್ಲೇ ಕೂಗಿ ಓಡಿದಳು. ಹಾಸುಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೊಂಟದಡಿ ತೂರಿಸಿ, ಒಂದೇ ಸಲಕ್ಕೆ ತಿರುಗಿಸಿದಳು. ಮೇಲ್ವಿಚಾರಕಿ ಬಾಗಿಲಲ್ಲೇ ನಿಂತು ನೋಡಿದಳು. ಅಂದಿನಿಂದ ದೊಡ್ಡ ದೊಡ್ಡ ಸರ್ಟಿಫಿಕೇಟು ಹಿಡಿದು ಬಂದ ಬಿಳಿ ಕೋಟಿನವರಿಗೆಲ್ಲ ಅಕ್ಕನೇ ಗುರು. ಅವರು ಕಲಿತರು, ಸಂಬಳ ಎಣಿಸಿದರು. ಅಕ್ಕ ಆ ದೇಶದ ಮಾತು ಕಲಿತಳು.

ಎರಡು ವರ್ಷ ತುಂಬಿದ ಬೆಳಿಗ್ಗೆ ಮೇಲ್ವಿಚಾರಕಿಯ ಕೋಣೆಗೆ ಹೋದಳು.

"ಬಿಳಿ ಕೋಟಿಗೆ ಕೆಲಸದ ಅನುಭವ ಬೇಕು. ನೀನು ಇಲ್ಲಿ ಕಲೀತಿದ್ದೆ, ಕೆಲಸ ಮಾಡ್ಲಿಲ್ಲ," ಎಂದಳು ಮೇಲ್ವಿಚಾರಕಿ.

"ಮತ್ತೆ ಅಷ್ಟು ಜನಕ್ಕೆ ನಾನು ಕಲಿಸಿದ್ದು?"

"ಅದೂ ಕಲಿಕೇನೇ. ನಾಡಿದ್ದು ನಿನ್ನ ವಿಮಾನ."

ಅಕ್ಕನ ಮೈಯೆಲ್ಲ ಉರಿಯಿತು. "ನನ್ನ ಮಗಳಿಗೆ ಏನಂತ ಹೇಳ್ಲಿ? ಅವಳ ಅಮ್ಮ ಎರಡು ವರ್ಷ ಆಟ ಆಡ್ತಿದ್ಲು ಅಂತ ಹೇಳ್ಲಾ?"

ಮೇಲ್ವಿಚಾರಕಿ ಹೊರಗೆ ನಿಂತಿದ್ದ ಹೊಸಬಳನ್ನು ಕರೆದಳು. ಹಸಿರು ಕೋಟಿನ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. "ಇವಳ ಜೊತೆ ಹೋಗು, ತೋರಿಸಿಕೊಡ್ತಾಳೆ."

ಹೊಸಬಳಿಗೆ ಆ ಮಾತು ಅರ್ಥವಾಗಲಿಲ್ಲ. ಅಕ್ಕನ ಮುಖ ನೋಡಿದವಳೇ ಕನ್ನಡದಲ್ಲಿ ಕೇಳಿದಳು: "ಅಕ್ಕಾ, ನಮ್ಮ ಕಡೆಯವರಾ?"

ಅಕ್ಕ ಅವಳನ್ನು ಒಬ್ಬ ಮುದುಕನ ಮಂಚದ ಬಳಿಗೆ ಎಳೆದೊಯ್ದಳು. "ಇಲ್ಲಿ ಹಸಿರಿನವರಿಗೆ ಬಿಳಿ ಕೋಟು ಯಾವತ್ತೂ ಕೊಡಲ್ಲ ಕಣೇ. ಇವತ್ತೇ ವಾಪಸ್ ಹೋಗು. ನನ್ನ ಮಾತು ಕೇಳು."

"ಹೇಗೆ ಹೋಗ್ಲಿ? ಪಾಸ್‌ಪೋರ್ಟ್ ಆಗ್ಲೇ ಇಸ್ಕೊಂಡ್ರಲ್ಲ, ಅಕ್ಕಾ."

ಮುದುಕ ನರಳಿದ. ಮಗ್ಗುಲು ಬದಲಿಸುವ ಹೊತ್ತು ಮೀರಿತ್ತು. ಅಕ್ಕ ಹಾಸುಬಟ್ಟೆಯ ಒಂದು ಅಂಚನ್ನು ಅವಳ ಕೈಗೆ ಕೊಟ್ಟಳು.

"ಗಟ್ಟಿಯಾಗಿ ಹಿಡ್ಕೊ," ಎಂದಳು.