ಪಡುವಣ ಗೋಡೆ

ದಸರೆ ಮುಗಿದೊಡನೆ ಉಳಿದ ಹೆಂಗಸರು ದೀಪಾವಳಿಯ ಫರಾಳದ ತಿಂಡಿಗಳಿಗೆ ಕೈ ಹಾಕಿದರೆ ಅನುರಾಧಾ ಮಣ್ಣಿಗೆ ಕೈ ಹಾಕುತ್ತಿದ್ದಳು. ಮಳೆಗಾಲದ ಎರಚಲಿಗೆ ಪಡುವಣ ಗೋಡೆಗೆ ಮೆತ್ತಿದ್ದ ಮಣ್ಣೆಲ್ಲ ಕಿತ್ತುಬಂದಿರುತ್ತಿತ್ತು. ಮಣ್ಣು, ಸಗಣಿ, ಹೊಟ್ಟು ಸೇರಿಸಿ ತುಳಿದು ಮತ್ತೆ ಮೆತ್ತಬೇಕು. ವಯಸ್ಸು ಅರವತ್ತರ ಹತ್ತಿರ ಬಂದಿದೆ, ಬಲಭುಜ ಮೇಲೇಳುವುದಿಲ್ಲ. ಈ ಒಂದು ಗೋಡೆಗಾದರೂ ಸಿಮೆಂಟ್ ಹಚ್ಚಿಸಿ ಎಂದು ಗಂಡನ ಬೆನ್ನು ಬಿದ್ದಿದ್ದಳು.

“ಸಿಮೆಂಟ್ ಹಚ್ಚಿದ್ರ ಗ್ವಾಡಿ ಉಸಿರಾಡಂಗಿಲ್ಲ,” ಅಂದಿದ್ದರು ಶಿವಕಾಂತರು. ಗೋಡೆಯ ಉಸಿರಿನ ಚಿಂತೆ ಅವರಿಗೆ ಬಹಳ. ಹೆಂಡತಿ ಏದುಸಿರು ಬಿಡುವುದು ಮಾತ್ರ ಕಿವಿಗೆ ಬೀಳುತ್ತಿರಲಿಲ್ಲ.

ಬೀದರಿನ ಶಿವಕಾಂತರು ಬ್ಯಾಂಕಿನ ನೌಕರಿಯಲ್ಲಿ ನಾಸಿಕ್ ಸುತ್ತಿ ಸಂಭಾಜಿನಗರದಲ್ಲಿ ರಿಟೈರಾದವರು. ಊರ ಹೊರಗೆ ಜಾಗ ಹಿಡಿದು ಮಣ್ಣಿನ ಮನೆ ಕಟ್ಟಿಸಿದರು. ಬಾಗಿಲು ನಾಸಿಕ್ಕಿನಲ್ಲಿ ಕೆಡವಿದ ವಾಡೆಯದು, ಹೆಂಚು ಮನ್ಮಾಡದ ಹಳೇ ರೈಲ್ವೆ ಕ್ವಾರ್ಟರ್ಸಿನದು. ಮನೆಯೇನೋ ಚೆಂದವೇ, ಮೇ ತಿಂಗಳಲ್ಲೂ ಫ್ಯಾನ್ ಬೇಡ. ಭಾನುವಾರ ನೋಡಲು ಜನ ಬರುತ್ತಾರೆ. ಶಿವಕಾಂತರು ಕುರ್ಚಿಯಲ್ಲಿ ಕೂತು ಮಣ್ಣಿನ ಮಹಿಮೆ ಹೇಳುತ್ತಾರೆ. ಇವಳು ಚಹಾ ಕೊಟ್ಟು ಗೋಡೆಗೆ ಮರಳುತ್ತಾಳೆ. ಈ ಕೆಲಸಕ್ಕೆ ಆಳು ಸಿಗುವುದಿಲ್ಲ.

ಈ ಭಾನುವಾರ ನಾಸಿಕ್ಕಿನಿಂದ ಹೊಸ ಮದುವೆಯ ಜೋಡಿ ಬಂದಿತ್ತು. ಗಂಡ ಯಶವಂತ, ಹೆಂಡತಿ ಮಧುರಾ. ತಮ್ಮೂರಿಗೆ ಹತ್ತಿರದ ಘೋಟಿಯ ಬಳಿ ಇಂಥದೇ ಮನೆ ಕಟ್ಟಬೇಕಂತೆ.

“ತ್ರಾಸೇನಿಲ್ಲ,” ಎನ್ನುತ್ತಿದ್ದರು ಶಿವಕಾಂತರು. “ವರ್ಷಕ್ಕೊಮ್ಮೆ ಒಂದೀಟು ಮಣ್ಣು ಮೆತ್ತಿದ್ರ ಆತು.”

ಮಧುರಾ ಚಹಾದ ಕಪ್ಪು ಹಿಡಿದುಕೊಂಡೇ ಎದ್ದು ಅನುರಾಧಾ ಮೆತ್ತುತ್ತಿದ್ದ ಗೋಡೆಯ ಬಳಿ ಬಂದಳು. ಕಲಬುರಗಿಯ ಮನೆತನ, ಬೆಳೆದದ್ದು ನಾಸಿಕ್ಕಿನಲ್ಲಿ. ಕನ್ನಡದಲ್ಲಿ ತಡವರಿಸುತ್ತ ಕೇಳಿದಳು: “ಕಾಕೂ, ದರ್‌ವರ್ಷ ಇದು ಯಾರ್ ಮಾಡ್ತಾರ? ಕಾಕಾ?”

ಇಷ್ಟು ವರ್ಷಗಳಲ್ಲಿ ಅನುರಾಧಾಳನ್ನು ಯಾರೂ ಏನೂ ಕೇಳಿರಲಿಲ್ಲ. ಹುಡುಗಿಯ ಕೈಯ ಮೆಹಂದಿ ಇನ್ನೂ ಪೂರ್ತಿ ಮಾಸಿರಲಿಲ್ಲ. ನಿಜ ಹೇಳಿದರೆ ಗಂಡನ ಮಾನ ಹೋಗುತ್ತದೆ, ಸುಳ್ಳು ಹೇಳಿದರೆ ಈ ಕೂಸೂ ಜನ್ಮವಿಡೀ ಒಂದು ಗೋಡೆಗೆ ಅಂಟಿಕೊಳ್ಳುತ್ತದೆ. ಅವಳಿಗೆ ಸಾಕಾಗಿತ್ತು. ಸುಳ್ಳು ಹೇಳುವುದಕ್ಕೂ ತ್ರಾಣ ಉಳಿದಿರಲಿಲ್ಲ.

“ಕಾಕಾ ಹೇಳ್ತಾರವ್ವಾ, ನಾ ಮಾಡ್ತೀನಿ. ಮನಿ ಛಲೋ ಅದ, ಕಟ್ರಿ. ಆದ್ರ ಕಟ್ಟೂಕಿಂತ ಮೊದಲ ಮೆತ್ತೋರು ಯಾರಂತ ನಿನ್ನ ಗಂಡಗ ಕೇಳು.”

ಯಶವಂತ ಕೂತಲ್ಲಿಂದಲೇ ಕೇಳಿಸಿಕೊಂಡು ನಕ್ಕ. ಜೊತೆಗೆ ಯಾರೂ ನಗಲಿಲ್ಲ.

ಅವರು ಹೋದ ಮೇಲೆ ಶಿವಕಾಂತರು ಎದ್ದು ಬಂದು ಗೋಡೆಯನ್ನು ಮುಟ್ಟಿ ನೋಡಿದರು. ಕೊನೆಗೆ, “ಆತು ಬಿಡು, ಸಿಮೆಂಟೇ ಹಚ್ಚಸೂಣು,” ಅಂದರು. ಕೇಳಿದ್ದು ಸಿಕ್ಕಿತ್ತು, ಆದರೂ ಅನುರಾಧಾಳಿಗೆ ಖುಷಿಯಾಗಲಿಲ್ಲ.

“ಬ್ಯಾಡ್ರಿ. ಸಿಮೆಂಟಿಗೆ ಗ್ವಾಡಿ ಕೆಡ್ತದ, ನನಗೂ ಗೊತ್ತದ. ನನ್ನ ಕೈ ಸೋತಾವ್ರಿ. ನೀವು ತುಳೀರಿ.”

ಹಾಗೆಂದು ಅವರ ಕುರ್ಚಿಯಲ್ಲಿ ಹೋಗಿ ಕೂತುಬಿಟ್ಟಳು. ಶಿವಕಾಂತರು ಅತ್ತಿತ್ತ ನೋಡಿದರು, ಪೈಜಾಮ ಮಡಚಿದರು, ಕಲಸಿಟ್ಟ ಮಣ್ಣಿನೊಳಗೆ ಕಾಲಿಟ್ಟು ಬೆಚ್ಚಿದರು.

“ಅಯ್ಯ, ಇಷ್ಟು ತಣ್ಣಗ ಇರ್ತದೇನ ಇದು?”

ಊರಿಗೆಲ್ಲ ಮಣ್ಣಿನ ಪಾಠ ಹೇಳಿದ ಗಂಡನನ್ನು ಅನುರಾಧಾ ಕುರ್ಚಿಯಿಂದಲೇ ನೋಡಿದಳು.

“ಇರ್ತದ್ರಿ,” ಅಂದಳು. “ತುಳೀರಿ.”