ಗಾಜಿನೊಳಗೆ ಉಳಿದ ಪ್ರಭುಲಿಂಗ

ಶ್ರೀರಾಂಪುರದ ಪಕ್ಕದ ಹಟ್ಟಿಯಲ್ಲಿ ಗುಡ್ಡಪ್ಪನ ಮನೆಗೆ ಜನ ಟಿವಿ ನೋಡಲು ಬರುತ್ತಿದ್ದ ಕಾಲವೊಂದಿತ್ತು. ಈಗ ಅದೇ ಟಿವಿಗೆ ಒಡೆಯಲು ತೆಂಗಿನಕಾಯಿ ಹಿಡಿದು ಬರುತ್ತಿದ್ದರು. ಬಂದವರನ್ನೆಲ್ಲ ದೊಣ್ಣೆಯಿಂದ ಬಾರಿಸಬೇಕೆನ್ನುವಷ್ಟು ಗುಡ್ಡಪ್ಪನ ಮೈ ಉರಿಯುತ್ತಿತ್ತು.

ಅದು ಪ್ಲಾಸ್ಮಾ ಟಿವಿ. ಚಿತ್ರದುರ್ಗದ ಯಾವುದೋ ಲಾಡ್ಜಿನವರು ಹೊಸದನ್ನು ಹಾಕಿಸಿಕೊಂಡು ಹಳೆಯದನ್ನು ಮಾರಿದಾಗ ಮಗ ಪ್ರಭುಲಿಂಗ ತನ್ನ ಗೂಡ್ಸ್ ಆಟೋದಲ್ಲಿ ತಂದಿದ್ದ. ಮಲಗಿಸಿದರೆ ಗಾಜು ಬಿರುಕು ಬಿಡುತ್ತದೆಂದು, ಸಂತೆಗೆ ಟಗರು ಸಾಗಿಸುವ ಹಾಗೆ ನಿಲ್ಲಿಸಿ ಹಗ್ಗ ಬಿಗಿದಿದ್ದ. ಒಬ್ಬನ ಕೈಯಲ್ಲಿ ಎತ್ತಲಾಗದ ತೂಕ. ಕರೆಂಟನ್ನು ಎಮ್ಮೆ ನೀರು ಕುಡಿದಂತೆ ಕುಡಿಯುತ್ತಿತ್ತು, ರೊಟ್ಟಿ ಹಂಚಿನ ಹಾಗೆ ಕಾಯುತ್ತಿತ್ತು. ಆದರೆ ಚಿತ್ರ ಅಂದರೆ ಚಿತ್ರ. ಮೂಲೆಯಲ್ಲಿ ಕೂತರೂ ಬಾಗಿಲಲ್ಲಿ ನಿಂತರೂ ಬಣ್ಣ ಮಾಸುತ್ತಿರಲಿಲ್ಲ.

“ನೋಡಪ್ಪಾ, ಕಪ್ಪು ಅಂದ್ರೆ ಇದು. ನಮ್ಮ ಕರಿ ಕಂಬಳಿ ಇದ್ದಂಗೈತೆ. ಬ್ಯಾರೆ ಟಿವಿಯಾಗೆ ಬರೀ ಬೂದಿ,” ಎಂದು ಮಗ ಬೀಗಿದ್ದ. “ಕುರಿ ತೋರ್ಸಿದ್ರೆ ಒಂದೊಂದು ಕೂದ್ಲೂ ಎಣಿಸಬೌದು.”

“ನೀನು ಕೂದ್ಲು ಎಣಿಸ್ಕಂತ ಕುಂತ್ಕಳಲೇ. ಕುರಿ ನಾನು ಕಾಯ್ತೀನಿ,” ಎಂದು ಗುಡ್ಡಪ್ಪ ರೇಗಿದ್ದ.

ಮದುವೆಯಾಗಿ ವರ್ಷ ತುಂಬುವ ಮೊದಲೇ ಪ್ರಭುಲಿಂಗ ಹೊಳಲ್ಕೆರೆ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ. ಪೂಜೆಗಿಡಲು ಮನೆಯಲ್ಲಿ ಅವನೊಬ್ಬನದೇ ಫೋಟೊ ಇರಲಿಲ್ಲ. ಗೆಳೆಯರು ಮೊಬೈಲಿನ ಚಿತ್ರವನ್ನು ಪೆನ್‌ಡ್ರೈವಿಗೆ ಹಾಕಿ ಟಿವಿಯಲ್ಲಿ ಮೂಡಿಸಿದರು. ಗೋಡೆ ತುಂಬ ಮುಖ. ತಾಯಿ ಸಿದ್ದಕ್ಕ ಅದರ ಮುಂದೆ ದೀಪ ಹಚ್ಚಿದಳು. ದಿವಸದ ಕಾರ್ಯ ಮುಗಿಯುವ ತನಕ ದೀಪ ಆರಬಾರದು. ದೀಪವೇ ಆರಬಾರದೆಂದ ಮೇಲೆ ಮಗನ ಮುಖ ಆರಿಸಲು ಯಾರಿಗೆ ಧೈರ್ಯ? ಕರೆಂಟು ಹೋದರೂ ಇರಲೆಂದು ಯುಪಿಎಸ್ ತಂದಿಟ್ಟರು. ಹಗಲೂ ರಾತ್ರಿ ಆ ಮುಖ ಉರಿಯಿತು.

ಕಾರ್ಯ ಮುಗಿಸಿ ಪೆನ್‌ಡ್ರೈವ್ ಕಿತ್ತರು. ಮುಖ ಹೋಗಲಿಲ್ಲ. ವಾರ್ತೆ ಹಾಕಿದರೆ ಓದುವವಳ ಹಿಂದೆ ಪ್ರಭುಲಿಂಗ. ಕ್ರಿಕೆಟ್ ಹಾಕಿದರೆ ಹಸಿರು ಮೈದಾನದ ತುಂಬ ಅವನ ಮೀಸೆ. ಸಿದ್ದಕ್ಕ ಗಾಜಿಗೆ ಕೆನ್ನೆಯಿಟ್ಟು, “ಮೈ ಬಿಸಿ ಐತೆ. ನನ್ನ ಮಗ ಮನೆ ಬಿಟ್ಟು ಹೋಗಿಲ್ಲ,” ಎಂದಳು. ಸುದ್ದಿ ಹಬ್ಬಿತು. ಕಾಯಿ, ಊದುಬತ್ತಿ ಶುರುವಾದವು.

ಇದರಲ್ಲಿ ಸಿಕ್ಕಿಹಾಕಿಕೊಂಡವಳು ಸೊಸೆ ನಾಗಶ್ರೀ. ಕಾರ್ಯ ಮುಗಿದ ಮೇಲೆ ಅವಳನ್ನು ಬಿಟ್ಟುಕೊಡುವುದಾಗಿ ಗುಡ್ಡಪ್ಪ ತಾಳ್ಯದ ಅವಳಣ್ಣ ದಾಸಣ್ಣನಿಗೆ ಮಾತು ಕೊಟ್ಟಿದ್ದ. ಅವರಲ್ಲಿ ಗಂಡ ಸತ್ತವಳಿಗೆ ಇನ್ನೊಬ್ಬ ಸೀರೆ ಕೊಟ್ಟು ಉಡಿಕೆ ಮಾಡಿಕೊಳ್ಳಬಹುದು. ಅದಕ್ಕೆ ಮೊದಲು ಗಂಡನ ಮನೆಯವರು ಹಿರಿಯರೆದುರು ಅವಳನ್ನು ಬಿಡುಗಡೆ ಮಾಡಬೇಕು. ಹಟ್ಟಿಯ ಹಿರಿಯ ತಿಪ್ಪಯ್ಯ ಆಗುವುದಿಲ್ಲವೆಂದುಬಿಟ್ಟ.

“ಗಂಡ ಮನೆಯಾಗೇ ಕುಂತವ್ನೆ. ಅವನ ಎದುರಿಗೇ ಬ್ಯಾರೆಯವನ ಸೀರೆ ಉಡ್ಸದೇನೋ ಗುಡ್ಡಾ?”

“ಅದು ಗಾಜು ಕಣಯ್ಯಾ!”

“ಗಾಜಾಗ್ಲಿ ಗ್ವಾಡೆ ಆಗ್ಲಿ. ಕಾಣೋ ತನಕ ಬಿಡುಗಡೆ ಇಲ್ಲ.”

ನಾಗಶ್ರೀ ಟಿವಿಗೆ ಬೆನ್ನು ಹಾಕಿ ಉಣ್ಣುತ್ತಿದ್ದಳು. “ಮಾವಾ, ಬದುಕಿದ್ದಾಗ ಇಷ್ಟು ನೋಡಿರ್ಲಿಲ್ಲ ನನ್ನ,” ಎಂದು ಒಮ್ಮೆ ನಕ್ಕಳು. ಆ ನಗು ಕೇಳಿದ ಗುಡ್ಡಪ್ಪ ಉಣ್ಣುವುದನ್ನು ಅಲ್ಲಿಗೇ ಬಿಟ್ಟು ಹೊಸದುರ್ಗದ ಬಸ್ಸು ಹತ್ತಿದ.

ಟಿವಿ ರಿಪೇರಿಯ ದುರುಗೇಶ ಎಲ್ಲ ಕೇಳಿ ಹಣೆ ಚಚ್ಚಿಕೊಂಡ. “ಕುರಿಗೆ ಬರೆ ಎಳ್ದಂಗೆ ಎಳ್ದೀರಲ್ರೀ! ಪ್ಲಾಸ್ಮಾದಾಗ ಒಂದೇ ಚಿತ್ರ ಅಲುಗದಂಗೆ ಬಿಟ್ರೆ ಅಚ್ಚು ಬಿದ್ದುಬಿಡ್ತೈತೆ. ಬರೀ ಬಿಳೀದು ಓಡಿಸ್ರಿ, ಮಾಸ್ತೈತೆ. ಪೂರಾ ಹೋಗ್ತೈತೆ ಅಂತ ಮಾತು ಕೊಡಲ್ಲ.” ಬಿಳಿ ಚಿತ್ರವನ್ನು ಇನ್ನೊಂದು ಪೆನ್‌ಡ್ರೈವಿಗೆ ಹಾಕಿ ಕೊಟ್ಟ.

ಮನೆಯೆಲ್ಲ ಆಸ್ಪತ್ರೆಯಂಥ ಬೆಳಕಾಯಿತು. ಸಿದ್ದಕ್ಕ ಗಂಡನ ಅಂಗಿ ಹಿಡಿದು ಜಗ್ಗಿದಳು. “ಮಣ್ಣು ಮಾಡಿದ್ದು ಸಾಲ್ಲಿಲ್ವಾ? ಈಗ ಸುಣ್ಣ ಬಳೀತೀಯಾ ನನ್ನ ಮಗನ ಮುಖಕ್ಕೆ?”

“ನಿಂಗೊಬ್ಳಿಗೇ ಮಗನೇನೇ ಅವ್ನು?” ಎಂದು ಗುಡ್ಡಪ್ಪ ಅವಳನ್ನು ಆಚೆ ನೂಕಿ, ಸ್ವಿಚ್ಚಿನ ಪಕ್ಕದಲ್ಲೇ ಕಂಬಳಿ ಹಾಸಿ ಕೂತ. ಮೊದಲು ಮಗನ ಹಣೆ ಹೋಯಿತು. ಆಮೇಲೆ ಕೆನ್ನೆ. ದಿನವೂ ಒಂದಿಷ್ಟು ಕರಗುವುದನ್ನು ಅವನು ಕಣ್ಣು ಕೀಳದೆ ನೋಡಿದ. ಕಣ್ಣು, ಮೀಸೆ ಮಾತ್ರ ಹೊಗೆಯ ಗೀಟಿನಂತೆ ಉಳಿದವು. ಅವು ಜಗ್ಗಲಿಲ್ಲ.

ದಾಸಣ್ಣ ಬಂದ. ತಿಪ್ಪಯ್ಯ ಪೊರೆ ಬಂದ ಕಣ್ಣು ಕಿರಿದು ಮಾಡಿ ಟಿವಿ ನೋಡಿದ. “ನಂಗೇನೂ ಕಾಣ್ವಲ್ದು. ನೀವು ಹೇಳ್ರಪ್ಪಾ.”

“ಐತೆ,” ಎಂದಳು ಸಿದ್ದಕ್ಕ. “ಕಣ್ಣು ಐತೆ. ಮೀಸೆ ಐತೆ.”

“ಹೆತ್ತೋಳಿಗೆ ಎಲ್ಲಿ ನೋಡಿದ್ರೂ ಕಾಣ್ತೈತೆ. ಗುಡ್ಡಾ, ಮನೆದೇವ್ರು ಬೀರಪ್ಪನ ಆಣೆ ಇಟ್ಟು ನೀನು ಹೇಳು. ನೀನಂದಂಗೆ ಆಗ್ಲಿ.”

ಗುಡ್ಡಪ್ಪ ನೋಡಿದ. ಮಗ ನೇರವಾಗಿ ಅವನನ್ನೇ ನೋಡುತ್ತಿದ್ದ. ಹೊಸಿಲ ಬಳಿ ನಾಗಶ್ರೀ ಬಟ್ಟೆಗಂಟನ್ನು ಎದೆಗವಚಿಕೊಂಡು ನಿಂತಿದ್ದಳು.

“ಬೀರಪ್ಪನಾಣೆಗೂ ಏನೂ ಇಲ್ಲ,” ಎಂದ.

ತಿಪ್ಪಯ್ಯ ವೀಳ್ಯ ಕೊಡಿಸಿದ. ಬಿಡುಗಡೆಯಾಯಿತು. ಅಣ್ಣತಂಗಿ ಹಿಂದಿರುಗಿ ನೋಡದೆ ಹೋದರು. ಬಂದವರೂ ಚದುರಿದರು.

ಸಿದ್ದಕ್ಕ ಅಳಲಿಲ್ಲ. “ನಿಂಗೂ ಕಾಣಿಸ್ತು,” ಎಂದಳು.

ಇನ್ನೊಂದು ಸುಳ್ಳು ಹೇಳಬಹುದಿತ್ತು. “ಹೂಂ,” ಎಂದ ಗುಡ್ಡಪ್ಪ.

ಅವಳು ಹೊಸಿಲ ಕಲ್ಲಿನ ಮುಂದೆ ಕುಕ್ಕರಿಸಿದಳು. ಅಂಗೈಯಿಂದ ಹಣೆಯ ಕುಂಕುಮ ಒರೆಸಿಕೊಂಡಳು. ಆಮೇಲೆ ಎರಡೂ ಮುಂಗೈಗಳನ್ನು ಕಲ್ಲಿಗೆ ಬಡಿದು, ಒಂದೂ ಉಳಿಯದಂತೆ, ಬಳೆಗಳನ್ನು ಒಡೆದುಕೊಂಡಳು. ಗುಡ್ಡಪ್ಪ ಅವಳೆದುರಿಗೇ ಉಸಿರಾಡುತ್ತ ನಿಂತಿದ್ದ.