ಮೂರು ಕಣ್ಣು ಬಿಟ್ಟ ಗಂಟು

ಶಿವರಾತ್ರಿ ಕಳೆದು ಎಂಟನೇ ದಿನಕ್ಕೆ ಹಣಮಪ್ಪ ಸತ್ತ. ಮಣ್ಣು ಕೊಟ್ಟು ಬಂದ ಮೇಲೆ ಮಾಯವ್ವ ಮನೆಯ ಕಟ್ಟೆಯ ಮೇಲೆ ಕೂತು ಬೆರಳು ಮಡಚಿ ಎಣಿಸಿದಳು. ತಾನು ಹುಡುಗಿಯಾಗಿದ್ದಾಗ ಒಂದು ವರ್ಷ ಹೊಳೆಯ ಹಿರೇಮಡುವಿನಲ್ಲಿ ದೊಡ್ಡ ಬಲೆ ಎಳೆದವರಲ್ಲಿ ಇವನೇ ಕಡೆಯವನು. ಆ ದಿನ ಬಲೆಯ ಮುಂದೆ ನಿಂತವರಲ್ಲಿ ಇನ್ನು ಉಳಿದದ್ದು ಇಬ್ಬರೇ: ತಾನು, ಮತ್ತು ಬನಹಟ್ಟಿಯಲ್ಲಿರುವ ಕರೆವ್ವ. ಕರೆವ್ವನಿಗೆ ಎಂಬತ್ತು ದಾಟಿತ್ತು. ಅಂದು ಬಲೆ ಹರಿದದ್ದು ಕರೆವ್ವನ ನೂಲಿನ ದೋಷದಿಂದಲ್ಲ, ತನ್ನ ಕೈಯ ತಪ್ಪಿನಿಂದ. ಈ ಮಾತನ್ನು ಅವಳ ಮುಂದೆ ಹೇಳದೆ ಸತ್ತರೆ ಮಣ್ಣು ಕೂಡ ತನ್ನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಮಾಯವ್ವನಿಗೆ ಅನ್ನಿಸಿತು.

ಮರುವಾರ ಒಂದು ಗಂಟು ಹೊಸ ಜೋಳದ ಹಿಟ್ಟು, ಆಧಾರ್ ಕಾರ್ಡು ಹಿಡಿದು ಗಲಗಲಿಯಲ್ಲಿ ಬಸ್ಸು ಹತ್ತಿದಳು. ಜಮಖಂಡಿಯಲ್ಲಿ ಇಳಿದು ಬನಹಟ್ಟಿಯ ಬಸ್ಸು ಹಿಡಿಯಬೇಕು. ಎಲ್ಲಾ ಕೂಡಿ ಅರ್ಧ ದಿನದ ಹಾದಿಯೂ ಅಲ್ಲ. ಅಷ್ಟು ಹಾದಿ ನಡೆಯಲು ಅವಳಿಗೆ ಐವತ್ತೈದು ವರ್ಷ ಹಿಡಿದಿತ್ತು.

ಆಗ ಕೃಷ್ಣೆಗೆ ಆಣೆಕಟ್ಟು ಕಟ್ಟಿರಲಿಲ್ಲ. ಮಳೆಗಾಲದಲ್ಲಿ ಹೊಲ ಮನೆ ನೆಕ್ಕಿ ಹೋಗುವ ಹೊಳೆ, ಬೇಸಿಗೆ ಬಂತೆಂದರೆ ಬಾಣಂತಿಯಂತೆ ಸೊರಗಿ ಅಲ್ಲೊಂದು ಇಲ್ಲೊಂದು ಮಡುವಾಗಿ ಮಲಗುತ್ತಿತ್ತು. ದಂಡೆಯ ಮೇಲೆ ಅಂಬಿಗರ ಓಣಿ, ಒಂಬತ್ತು ಮನೆ. ನಡೆಯುವ ಮೊದಲೇ ಈಜು ಬರುತ್ತಿದ್ದ ಮಕ್ಕಳು. ಸಾಲೆಗೆ ಹೋದರೆ ಮೂಗು ಮುಚ್ಚಿಕೊಂಡು ಸರಿದು ಕೂಡುವ ಗೌಡರ ಮಕ್ಕಳು. ಹಾಗಾಗಿ ಮಾಯವ್ವ ಎರಡನೇ ಇಯತ್ತೆಗೇ ಪಾಟಿ ಒಗೆದು ಬಂದಿದ್ದಳು.

ವರ್ಷವಿಡೀ ಅವರವರ ಗಾಳ, ಅವರವರ ಬೀಸುಬಲೆ. ಆದರೆ ಯುಗಾದಿ ಆದ ಮೇಲೆ ಒಂದು ದಿನ ಹಿರೇಮಡುವನ್ನು ಓಣಿಯವರೆಲ್ಲ ಕೂಡಿ ಎಳೆಯಬೇಕು. ಅದಕ್ಕೆ ಒಬ್ಬರ ಬಲೆ ಸಾಲದು. ಮನೆಗೊಂದು ತುಂಡು, ಒಂದೊಂದು ತುಂಡು ಎಂಟು ಮಾರು. ಹಿಂದಿನ ದಿನ ಮರಳಿನ ಮೇಲೆ ಎಲ್ಲವನ್ನೂ ಸಾಲಾಗಿ ಹಾಸಿ ಅಂಚಿಗೆ ಅಂಚು ಕೂಡಿಸಿ ಕಟ್ಟುವರು. ಆ ಗಂಟು ಹಾಕುವ ಕೆಲಸ ಇನ್ನೂ ಮೈನೆರೆಯದ ಹುಡುಗಿಯರದು. ಅವರ ಬೆರಳು ಸಣ್ಣ, ಹೊಳೆಯ ತಾಯಿ ಗಂಗವ್ವನಿಗೆ ಅವರ ಕೈ ಮೆಚ್ಚು ಎನ್ನುತ್ತಿದ್ದರು. ಸಾಲಿನಲ್ಲಿ ಮೇಲಿನ ಮನೆಯ ಹುಡುಗಿ ಕೆಳಗಿನ ಮನೆಯ ತುಂಡಿಗೆ ತನ್ನದನ್ನು ಕಟ್ಟಬೇಕು. ಬಲೆಯ ಒಂದೊಂದು ಕಣ್ಣಿಗೂ ಒಂದೊಂದು ಗಂಟು, ಯಾವುದನ್ನೂ ಬಿಡುವಂತಿಲ್ಲ. ತುಂಡು ಹರಿದರೆ ತುಂಡಿನ ಮನೆಗೆ ಪಾಲಿಲ್ಲ. ಕೂಡಿಸಿದ ಗಂಟು ಕೆಟ್ಟಿದ್ದರೆ ಗಂಟು ಹಾಕಿದ ಮನೆಗೆ ಪಾಲಿಲ್ಲ. ಪಾಲು ಹೋದ ಮನೆ ಪಂಚರ ಮುಂದೆ ಹೊಸ ತುಂಡು ತಂದು ಹಾಸುವ ತನಕ ಓಣಿಯ ಲೆಕ್ಕದಲ್ಲೇ ಇಲ್ಲ.

ಮಾಯವ್ವನ ಅಪ್ಪ ಯಮನಪ್ಪ ಆ ವರ್ಷ ಜಮಖಂಡಿ ಸಂತೆಯಿಂದ ನೈಲಾನ್ ನೂಲು ತಂದಿದ್ದ. ಓಣಿಗೆ ಅದೇ ಮೊದಲು. ಅವನು ಅದನ್ನು ಬಿಸಿಲಿಗೆ ಹಿಡಿದು ಹಿಡಿದು ತೋರಿಸಿದ್ದೇ ತೋರಿಸಿದ್ದು. ಅವರ ಕೆಳಗಿನ ಮನೆ ಕರೆವ್ವನದು. ಅವಳ ಗಂಡ ಭೀಮಶಿ ದಸರೆಯ ಹೊತ್ತಿಗೆ ಜ್ವರ ಬಂದು ಸತ್ತಿದ್ದ. ಮೂರು ವರ್ಷದ ಒಂದು ಮಗು, ಅವನು ನೇಯ್ದಿಟ್ಟು ಹೋದ ಹತ್ತಿ ನೂಲಿನ ಒಂದು ತುಂಡು ಬಲೆ, ಇಷ್ಟೇ ಅವಳ ಆಸ್ತಿ. ನೂಲು ಕೊಳೆಯದಿರಲೆಂದು ಜಾಲಿ ತೊಗಟೆಯ ನೀರಿನಲ್ಲಿ ಕುದಿಸಿ ಕುದಿಸಿ ಅದು ಕಾಸಿನ ಬಣ್ಣಕ್ಕೆ ತಿರುಗಿತ್ತು.

ಗಂಟು ಹಾಕುವ ದಿನ ಮರಳು ಕಾಲು ಸುಡುತ್ತಿತ್ತು. ದಂಡೆಯ ಕಲ್ಲಂಗಡಿ ಮಡಿಗಳ ಕಾವಲಿನವ ಊಟಕ್ಕೆ ಹೋಗಿದ್ದ. ಗೆಳತಿಯರು ದೂರದಿಂದ ಕೂಗಿದರು: "ಮಾಯೀ, ಬಾರಲೇ! ಅಂವಾ ಬಂದ್ರ ಸಿಪ್ಪಿನೂ ಸಿಗೂದಿಲ್ಲ!" ಹನ್ನೊಂದು ವರ್ಷದ ಮಾಯಿ ಒಮ್ಮೆ ಬಲೆಯನ್ನು ನೋಡಿದಳು, ಒಮ್ಮೆ ಮಡಿಯನ್ನು ನೋಡಿದಳು. ಮೂರು ಕಣ್ಣು ಬಿಟ್ಟು ಒಂದು ಗಂಟು ಹಾಕಿದಳು. ಮತ್ತೆ ಮೂರು ಬಿಟ್ಟು ಒಂದು. ದೂರದಿಂದ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಕಲ್ಲಂಗಡಿ ಸಿಹಿಯಾಗಿಯೇ ಇತ್ತು.

ಮರುದಿನ ಗಂಡಸರು ಎರಡೂ ಕಡೆಯಿಂದ ಹಗ್ಗ ಹಿಡಿದರು. ಬಲೆ ಬಿಲ್ಲಿನಂತೆ ಬಾಗಿ ದಂಡೆಗೆ ಬರತೊಡಗಿದಾಗ ನೀರು ಕುದಿಯುವ ಎಸರಿನಂತಾಯಿತು.

"ಬಾಳಿ ಮೀನ ಅದಾವೋ! ಆಳೆತ್ತರದವು! ಬಿಡಬ್ಯಾಡ್ರಿ!" ಎಂದು ಹಣಮಪ್ಪ ಕೂಗಿದ. ಅವನಿಗಾಗ ಇಪ್ಪತ್ತರ ಹರೆಯ.

ಅಷ್ಟರಲ್ಲಿ ನಡುವೆ ಬಟ್ಟೆ ಸೀಳಿದ ಸಪ್ಪಳ. ಭಾರವೆಲ್ಲ ಆ ನಾಲ್ಕಾರು ಗಂಟುಗಳ ಮೇಲೆ ಬಿದ್ದು, ನೈಲಾನ್ ಹತ್ತಿಯನ್ನು ಕೊಯ್ದುಕೊಂಡು ಹೋಗಿತ್ತು. ಕಿಂಡಿಯಲ್ಲಿ ಒಂದು ಬೆನ್ನು ಮಿನುಗಿತು, ಇನ್ನೊಂದು ಮಿನುಗಿತು, ನೀರು ಸುಮ್ಮನಾಯಿತು.

ಎಲ್ಲರಿಗಿಂತ ಮೊದಲು ಅಲ್ಲಿಗೆ ಮುಳುಗಿದವನು ಯಮನಪ್ಪ. ಮೇಲೆದ್ದಾಗ ಅವನ ಕೈಯಲ್ಲಿ ಉಡಿದಾರದ ಚೂರಿ ಇತ್ತು. ಗಂಟಿನ ಲೆಕ್ಕ ಯಾರಿಗೂ ಸಿಗದಂತೆ ಉಳಿದ ಗಂಟುಗಳ ನೂಲನ್ನು ಕತ್ತರಿಸಿ ಮುಷ್ಟಿಯಲ್ಲಿ ಹಿಡಿದು ಕಚ್ಚೆಗೆ ಸಿಕ್ಕಿಸಿದ್ದನ್ನು ದಂಡೆಯಲ್ಲಿದ್ದ ಮಾಯಿ ಒಬ್ಬಳೇ ಕಂಡಳು. ಓಣಿಯ ಹಿರಿಯ ಮಲಕಾಜಪ್ಪ ಬರುವ ಹೊತ್ತಿಗೆ ಯಮನಪ್ಪ ಕರೆವ್ವನ ತುಂಡಿನ ಹರಿದ ಅಂಚನ್ನು ಎತ್ತಿ ಹಿಡಿದಿದ್ದ.

"ನೋಡ್ರಿ ಹಿರ್ಯಾ. ನಂದು ಹೆಂಗಿತ್ತ ಹಂಗ ಐತಿ. ಇದು ಕೊಳತ ನೂಲು."

ಕರೆವ್ವ ಬುಟ್ಟಿ ಚೆಲ್ಲಿ ಓಡಿ ಬಂದಳು. "ಇಲ್ಲರಿ, ನಮ್ಮವ್ರು ತಮ್ಮ ಕೈಲೆ ನೇಯ್ದದ್ದರಿ. ನಾ ಅದಕ್ಕ ಒಂದಿನ ತಂಪ ಹತ್ತಗೊಟ್ಟಿಲ್ಲರಿ."

"ಸತ್ತಾಂವನ ಬಲಿ ಬೇ, ಅವನ ಹಿಂದ ಹೋತು," ಎಂದು ಯಾರೋ ಅಂದರು. ಒಂದಿಬ್ಬರು ನಕ್ಕರು.

ಮಲಕಾಜಪ್ಪ ನಗಲಿಲ್ಲ. "ಗಂಟ ಹಾಕಿದಾಕಿ ಯಾರು? ಕರೀರಿ."

ಮಾಯಿ ಬಂದು ನಿಂತಳು. ಕೇಳಿದ್ದು ಮಲಕಾಜಪ್ಪನಲ್ಲ, ಅವಳ ಅಪ್ಪ. "ಎಲ್ಲಾ ಕಣ್ಣಿಗೂ ಹಾಕಿದ್ದಿ ಹೌದಿಲ್ಲೇ, ಮಾಯಿ?"

"ಹೂಂ, ಅಪ್ಪಾ."

ಅಷ್ಟೇ. ಅಂದು ಬಲೆಯಲ್ಲಿ ಉಳಿದಷ್ಟು ಮೀನಿಗೆ ಮರಳಿನ ಮೇಲೆ ಒಂಬತ್ತರ ಬದಲು ಎಂಟೇ ಗುಂಪೆ ಬಿದ್ದವು. ಮನೆಯಲ್ಲಿ ಅಪ್ಪ ದೊಡ್ಡ ಮೀನಿನ ತಲೆಯನ್ನು ಮಗಳ ಗಂಗಾಳಕ್ಕೆ ಹಾಕಿಸಿದ. ಅವಳು ಉಂಡಳು. ಹಸಿವೂ ಆಗಿತ್ತು.

ಹೊಸ ತುಂಡಿಗೆ ನೂಲು ಕೊಳ್ಳಲು ಕರೆವ್ವನ ಕೈಲಾಗಲಿಲ್ಲ. ಮುಂಗಾರು ಬೀಳುವ ಮೊದಲು ಮಗನನ್ನು ಬಗಲಲ್ಲಿ ಹೊತ್ತು, ಮಗ್ಗದವರ ಮನೆಯಲ್ಲಿ ಕಂಡಿಕಿಗೆ ನೂಲು ಸುತ್ತಿ ಬದುಕುತ್ತೇನೆಂದು ಬನಹಟ್ಟಿಗೆ ಹೋದಳು. ಮುಂದೆ ಆಣೆಕಟ್ಟಿನ ಹಿನ್ನೀರು ಬಂತು. ಓಣಿ, ಮರಳು, ಮಡು ಎಲ್ಲ ಅದರ ಹೊಟ್ಟೆಯೊಳಗೆ ಹೋದವು.

ಮಾಯವ್ವ ಬನಹಟ್ಟಿಯಲ್ಲಿ ಇಳಿದು ಹುಡುಕಿ ಹೋದ ಓಣಿಯಲ್ಲಿ ಮಗ್ಗದ ಸಪ್ಪಳಕ್ಕೆ ಕೂಗಿಯೇ ಮಾತಾಡಬೇಕು. ಬಾಗಿಲು ತೆಗೆದವಳು ಸೊಸೆ ಪೂರ್ಣಿಮಾ. ಒಳಗೆ ಹೊರಸಿನ ಮೇಲೆ ಕರೆವ್ವ ಕೂತಿದ್ದಳು, ಒಣಗಿದ ಕಟ್ಟಿಗೆಯಂತೆ ನೆಟ್ಟಗೆ.

"ಯಾರವಾ?"

"ನಾ ಮಾಯಿ, ಚಿಗವ್ವಾ. ಅಂಬಿಗರ ಯಮನಪ್ಪನ ಮಗಳು."

"ಮಾಯಿ?" ಮುದುಕಿ ಕಣ್ಣು ಕಿರಿದು ಮಾಡಿ ನೋಡಿ ನಕ್ಕಳು. "ಅಯ್ಯ, ನೀ ನನಗಿಂತ ಮುದುಕಿ ಆಗೀಯಲ್ಲಲೇ! ಹಲ್ಲೂ ಇಲ್ಲ. ಕುಂಡ್ರು. ಪೂರ್ಣಿಮಾ, ಚಾ ಇಡವಾ, ನಮ್ಮ ಹೊಳಿ ದಂಡಿ ಮಂದಿ ಬಂದಾರ."

ಆ ನಗೆ ಮಾಯವ್ವನನ್ನು ಇನ್ನಷ್ಟು ಕೊಂದಿತು. ಚಹಾ ಬರುವ ಮೊದಲೇ ಎಲ್ಲಾ ಹೇಳಿ ಮುಗಿಸಿದಳು. ಕಲ್ಲಂಗಡಿ, ಗಂಟು, ಚೂರಿ, ತಾನು ಅಂದ ಒಂದು ಮಾತು.

ಕರೆವ್ವ ಕೇಳಿದಳು: "ಎಷ್ಟ ಕಣ್ಣ ಬಿಟ್ಟಿದ್ದಿ?"

"ಮೂರು."

"ನಾಕಕ್ಕೊಂದ ಗಂಟು. ಆ ಕಡೆ ನೈಲಾನ್. ಹರೀದ ಏನ ಮಾಡ್ತೈತಿ." ಮುದುಕಿಯ ಬೆರಳು ಸೀರೆಯ ಅಂಚನ್ನು ಹಿಡಿದು ಹಿಡಿದು ಬಿಡುತ್ತಿತ್ತು. "ಹಂಗಾರ ನೂಲು ಕೊಳತಿದ್ದಿಲ್ಲ?"

"ಇಲ್ಲ ಚಿಗವ್ವಾ. ಗಟ್ಟಿ ಇತ್ತು."

"ಮಲಕಾಜಪ್ಪ ಅದಾನೇನು?"

"ಸತ್ತ ಬಾಳ ವರ್ಷ ಆತು."

"ನಿಮ್ಮಪ್ಪನೂ ಹ್ವಾದ, ಕೇಳೇನಿ. ಹಣಮಪ್ಪ?"

"ಮೊನ್ನೆ, ಶಿವರಾತ್ರಿ ಆದ ಮ್ಯಾಲೆ."

"ಅಂದ್ರ ಎಲ್ಲಾರೂ ಸಾಯ್ಲಿ ಅಂತ ಕಾದಿ. ಯಾರ ಮುಂದ ಹೇಳಿದ್ರ ನನ್ನ ಹೆಸರು ತಿರುಗಿ ಬರ್ತಿತ್ತೋ, ಅವ್ರೆಲ್ಲಾ ಹೋಗ್ಲಿ ಅಂತ."

ಹೌದೋ ಅಲ್ಲವೋ ಮಾಯವ್ವನಿಗೇ ತಿಳಿಯಲಿಲ್ಲ.

"ನನ್ನ ಹೆಸರ ಹಾಳಾಗ್ಲಿ," ಎಂದಳು ಕರೆವ್ವ. ದನಿ ಸಣ್ಣದಾಗಿತ್ತು, ಮಗ್ಗದ ಸಪ್ಪಳದಲ್ಲಿ ಬಾಗಿ ಕೇಳಬೇಕಾಯಿತು. "ಆ ಬಲಿ ನನ್ನ ಗಂಡಾ ಜ್ವರದಾಗ ಕುಂತು ಮುಗಿಸಿದ್ದಾ. ಊರ ಬಿಡೂ ಮುಂಜಾನಿ ನಾ ಅದನ್ನ ಒಲಿಯಾಗ ಹಾಕಿ, ಅದರ ಉರಿ ಮ್ಯಾಲೆ ಬುತ್ತಿ ರೊಟ್ಟಿ ಬಡದೆ. ಕೊಳತ ನೂಲ ಕೊಟ್ಟ ನನ್ನ ಬೀದಿಗೆ ಹಾಕಿದಿ ಅಂತ ಬೈದೆ. ಅವತ್ತಿಂದ ಇವತ್ತಿನ ತನಕ ಅವನ ಹೆಸರಲೆ ಒಂದ ಎಡಿ ಹಿಡದಿಲ್ಲ. ಮಗಾ ಅಪ್ಪನ ಸುದ್ದಿ ತಗದಾಗೊಮ್ಮೆ, ಕೈಲಾಗದಾಂವ ಇದ್ದ, ಅವನ ಮಾತ ಬ್ಯಾಡ ಅಂತ ಬಾಯಿ ಮುಚ್ಚಿಸೇನಿ."

ಮಾಯವ್ವ ಅವಳ ಕಾಲು ಹಿಡಿಯಲು ಬಾಗಿದಳು. ಕರೆವ್ವ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ಮುಟ್ಟಬ್ಯಾಡ. ನಿನ್ನ ಹೊಟ್ಟ್ಯಾಗಿನ ಕೆಂಡ ತಗದು ನನ್ನ ಉಡ್ಯಾಗ ಹಾಕಿದಿ. ಕುಂಡ್ರು, ಓಡಬ್ಯಾಡ. ನನ್ನ ಮಗಾ ಮಲ್ಲಿನಾಥ ಊಟಕ್ಕ ಬರ್ತಾನ. ಅವನ ಮುಂದ ನೀನ ಹೇಳು. ನನ್ನ ಬಾಯಿಂದ ಆಗೂದಿಲ್ಲ."

ಚಹಾ ಆರಿ ಕೆನೆ ಕಟ್ಟಿತು. ಎರಡು ಗಂಟೆಗೆ ಮಲ್ಲಿನಾಥ ಬಂದ. ಹುಬ್ಬಿನ ಮೇಲೆಲ್ಲ ಅರಳೆಯ ಪುಡಿ ಕೂತಿದ್ದ, ಅರವತ್ತರ ಹತ್ತಿರದ ದಪ್ಪ ಮನುಷ್ಯ. ಮಾಯವ್ವ ನೆಲ ನೋಡುತ್ತಲೇ ಹೇಳಿದಳು. ಎರಡನೇ ಸಲ ಹೇಳುವಾಗ ಅದು ಇನ್ನೂ ಚಿಕ್ಕದಾಗಿ ಮುಗಿಯಿತು. ಅವನು ಕೂಗಾಡುತ್ತಾನೆ, ಹೊರಗೆ ಹಾಕುತ್ತಾನೆ ಎಂದು ಕಾದಳು. ಹಾಕಿದ್ದರೆ ಚೆನ್ನಾಗಿತ್ತು.

ಅವನು ಅವ್ವನ ಕಡೆ ನೋಡಿದ. ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ನಮ್ಮಪ್ಪನ್ನ ನೀವು ನೋಡೀರೇನ್ರೀ?" ಎಂದ ಮೆಲ್ಲಗೆ. "ಒಂದ ಫೋಟೊ ಸುದ್ದಾ ಇಲ್ಲರಿ. ಅವ್ವ ಹೇಳಂಗಿಲ್ಲ. ನೋಡಾಕ ಹೆಂಗಿದ್ರರಿ ಅವ್ರು?"

ಪಕ್ಕದ ಮನೆಯವನು. ದಿನಾ ಕಂಡವನು. ಮಾಯವ್ವ ಕಣ್ಣು ಮುಚ್ಚಿ ಹುಡುಕಿದಳು. ಹರಿದ ಅಂಚಿನ ಒಂದೊಂದು ಕಣ್ಣೂ ಕಂಡಿತು, ತೊಗಟೆಯ ಬಣ್ಣವೂ ಕಂಡಿತು. ಮನುಷ್ಯ ಮಾತ್ರ ಕಾಣಲಿಲ್ಲ.

"ನೆನಪಿಲ್ಲೋ ಯಪ್ಪಾ," ಎಂದಳು.